ಹಾಡು ನಿಂತ ಮೇಲಿನ ಆರಾಧನೆ

ಸಭಾಪಾಲಕರೇ, ಹಿರಿಯರೇ, ಬಂಧುಗಳೇ, ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ನನಗೆ ಕೊಟ್ಟಿರುವುದು ಮೂವತ್ತು ನಿಮಿಷ. ಮಂಡ್ಯದ ಕಡೆಯ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಗಂಟೆ ಹೊಡೆದ ಮೇಲೂ ಐದು ನಿಮಿಷ ಎಳೆಯುವುದು ಹಳೆಯ ಚಾಳಿ. ಅದಕ್ಕೇ ಹೇಳಬೇಕಾದ ನಾಲ್ಕು ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ನಾಲ್ಕನ್ನೂ ಮುಟ್ಟುತ್ತೇನೆಂದು ಮಾತು ಕೊಡಲಾರೆ.

ಇಂದು ಮೇ 24. ಮೈಸೂರಿನವರಿಗೆ ಈ ತಾರೀಖನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಥಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಪಾದ್ರಿ ವೆಸ್ಲಿಯ ಹೆಸರಿನ ದೇವಾಲಯ ನಿಮ್ಮ ಊರಿನಲ್ಲಿದೆ. ವೆಸ್ಲಿಯನ್ ಮಿಷನ್ನಿನ ಮುದ್ರಣಾಲಯ ಇಲ್ಲಿ ಕನ್ನಡವನ್ನು ಅಚ್ಚು ಹಾಕಿತು. 1906ರಲ್ಲಿ ಆರಂಭವಾದ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಈ ಸಭಾಂಗಣದಲ್ಲೇ ಎಷ್ಟು ಜನರಿದ್ದೀರೋ. ಆದರೆ ವರ್ಷವರ್ಷವೂ ಈ ದಿನ ನಾವು ಜಾನ್ ವೆಸ್ಲಿಯ ಕಥೆಯನ್ನು ಅರ್ಧ ಮಾತ್ರ ಹೇಳುತ್ತೇವೆ ಎಂಬುದು ನನ್ನ ತಕರಾರು.

ಹೇಳುವ ಅರ್ಧ ಇದು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ವೆಸ್ಲಿ ಹೋದರು. ವಯಸ್ಸು ಮೂವತ್ನಾಲ್ಕು. ಪಾದ್ರಿ ದೀಕ್ಷೆ ಪಡೆದು ಹತ್ತು ವರ್ಷವಾಗುತ್ತಾ ಬಂದಿತ್ತು. ಅಮೆರಿಕದ ಜಾರ್ಜಿಯಕ್ಕೆ ಮಿಷನರಿಯಾಗಿ ಹೋಗಿ, ಸೋತು, ಆಗಷ್ಟೇ ಮರಳಿದ್ದರು. ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದೆ ಎಂದು ತಾವೇ ದಿನಚರಿಯಲ್ಲಿ ಬರೆದಿದ್ದಾರೆ. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ಮುನ್ನುಡಿಯನ್ನು, ಬಂಧುಗಳೇ! ನನ್ನ ಇಡೀ ವೃತ್ತಿಜೀವನದಲ್ಲಿ ಮುನ್ನುಡಿ ಓದಿದ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಾಣಲಿಲ್ಲ. ಸುಮಾರು ಎಂಟೂಮುಕ್ಕಾಲಕ್ಕೆ ವೆಸ್ಲಿಯ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು. ಕ್ರಿಸ್ತನು ನನ್ನ ಪಾಪಗಳನ್ನೂ ಹೊತ್ತನು ಎಂಬ ಭರವಸೆ ಹುಟ್ಟಿತು.

ನಾವು ಇಲ್ಲಿಗೆ ನಿಲ್ಲಿಸಿ ಹಾಡು ಹಾಡುತ್ತೇವೆ. ದಿನಚರಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೇ ಅವರೊಳಗೆ ಸಂಶಯ ಎದ್ದಿತು: ಇದು ನಂಬಿಕೆಯಾಗಿರಲಾರದು, ನಿನ್ನ ಸಂತೋಷವೆಲ್ಲಿ? ಇನ್ನೂ ಎಂಟು ತಿಂಗಳಾಗಿರಲಿಲ್ಲ, 1739ರ ಜನವರಿಯಲ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ಅದೇ ಕೈ ಬರೆಯಿತು. ಬೆಚ್ಚಗಾದದ್ದು ಆರಿತ್ತು. ಆದರೂ ಆ ಮನುಷ್ಯ ಅದೇ ವರ್ಷ ಬಯಲಿನಲ್ಲಿ ನಿಂತು ಗಣಿಯ ಕೂಲಿಗಳಿಗೆ ಸುವಾರ್ತೆ ಸಾರಲು ಹೊರಟರು.

ನನ್ನ ಹಟ ಇಷ್ಟೇ: ಮೈ ಜುಮ್ಮೆನ್ನುವುದು ಒಳ್ಳೆಯದು, ಆದರೆ ಅದು ಅಳತೆಗೋಲಲ್ಲ. ದೇವಾಲಯದಿಂದ ಹೊರಬಂದು ಚಪ್ಪಲಿ ಹುಡುಕುವಾಗ ನಾವು ಕೇಳುವ ಪ್ರಶ್ನೆ ಯಾವುದು? 'ಇವತ್ತು ಆರಾಧನೆ ಹೇಗಿತ್ತು?' ಸಿನಿಮಾ ಬಿಟ್ಟಾಗಲೂ ಅದನ್ನೇ ಕೇಳುತ್ತೇವೆ.

ನಮ್ಮೂರಿನ ಕಥೆಯೊಂದಿದೆ. ಕೆಲವರು ಕೇಳಿರಬಹುದು, ಸಹಿಸಿಕೊಳ್ಳಿ. ಕಡು ಬೇಸಿಗೆಯ ಭಾನುವಾರ. ಕೀಬೋರ್ಡು, ಡ್ರಮ್ಮು, ಗೋಡೆಯ ಮೇಲೆ ಹಾಡಿನ ಸಾಲು ಮೂಡಿಸುವ ಪ್ರೊಜೆಕ್ಟರ್, ಎಲ್ಲವೂ ಹೊಸದು. ಎರಡನೆಯ ಚರಣದ ನಡುವೆ ಕರೆಂಟು ಹೋಯಿತು. ಗೋಡೆಯ ಮೇಲಿನ ಸಾಲು ಮಾಯವಾಯಿತು, ಅದರೊಂದಿಗೆ ನಮ್ಮ ಭಕ್ತಿಯೂ. ಮುಂದಿನ ಸಾಲು ಒಬ್ಬರಿಗೂ ಬಾಯಿಗೆ ಬರಲಿಲ್ಲ. ಜನರೇಟರಿಗೆ ಡೀಸೆಲ್ ಇರಲಿಲ್ಲ. ಹಿರಿಯರೊಬ್ಬರು ಕ್ಯಾನು ಹಿಡಿದು ಬಂಕಿಗೆ ಓಡಿದರು.

ಈಗ ನೀವು ಒಬ್ಬ ಅಜ್ಜಿಗಾಗಿ ಕಾಯುತ್ತಿದ್ದೀರಿ. ಅಕ್ಷರ ಬಾರದ ಅಜ್ಜಿ ಎದ್ದು ಎಲ್ಲ ಚರಣಗಳನ್ನೂ ಕಂಠಪಾಠವಾಗಿ ಹಾಡುತ್ತಾಳೆ ಎಂದು. ಅಂಥ ಅಜ್ಜಿ ನಮ್ಮ ಸಭೆಯಲ್ಲೂ ಇದ್ದಾರೆ. ಆ ವಾರ ಮಗಳ ಮನೆಗೆ ಹೋಗಿದ್ದರು.

ಯಾರೂ ಹಾಡಲಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಬೆವರಿದೆವು. ತಡವಾಗಿ ಬಂದ ತಪ್ಪಿಗೆ ನನಗೆ ಸಿಕ್ಕ ಜಾಗ ನನ್ನ ಗದ್ದೆಯ ಪಕ್ಕದವರ ಪಕ್ಕದಲ್ಲಿತ್ತು. ನಮ್ಮಿಬ್ಬರಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಕಾಲುವೆಯ ಕೊನೆಯ ಗದ್ದೆ ನನ್ನದು, ಅದರ ಮೇಲಿನದು ಅವರದು. ನನ್ನ ಪಾಳಿಯ ರಾತ್ರಿ ಅವರು ಮಡೆ ಒಡೆದು ತಮ್ಮ ಕಬ್ಬಿಗೆ ನೀರು ತಿರುಗಿಸಿಕೊಂಡರು ಎಂಬುದು ನನ್ನ ದೂರು. ಬದುವಿನಲ್ಲಿ ಏಡಿ ಬಿಲವಿತ್ತು, ನೀರು ತಾನಾಗಿ ಸೋರಿತು ಎಂಬುದು ಅವರ ಉತ್ತರ. ಮಂಡ್ಯದವರಿಗೆ ಗೊತ್ತು, ಕೊಟ್ಟ ಸಾಲವನ್ನು ಮರೆತೇವು, ಹೋದ ನೀರನ್ನು ಮರೆಯುವುದಿಲ್ಲ.

ಅವರು ಕಾಣಿಕೆಯ ಕವರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ನೇರವಾಗಿ ಮುಂದೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೆನ್ನೆಗೆ ಗಾಳಿ ತಾಗಿತು. ಓರೆಗಣ್ಣಿನಲ್ಲಿ ನೋಡಿದೆ. ಅವರ ಕೈ ಒಂದು ಗೇಣು ನನ್ನ ಕಡೆಗೆ ಸರಿದಿತ್ತು. ಮುಖ ಮಾತ್ರ ನನ್ನ ಕಡೆಗಿರಲಿಲ್ಲ. ಬೀಸಿದ್ದರಲ್ಲಿ ಅರ್ಧ ಅವರಿಗೆ, ಅರ್ಧ ನನಗೆ.

ನನ್ನ ಜೇಬಿನಲ್ಲಿ ಮಡಚಿದ ಐವತ್ತರ ನೋಟಿತ್ತು. ಮತ್ತಾಯನ ಐದನೆಯ ಅಧ್ಯಾಯ ನೆನಪಾಯಿತು, ನೆನಪಾಗಬಾರದಿತ್ತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ನಿನ್ನ ಸಹೋದರನೊಂದಿಗೆ ಒಂದಾಗು ಎನ್ನುತ್ತಾನೆ ಯೇಸು. ಗಮನಿಸಿ, ತಪ್ಪು ಯಾರದು ಎಂದು ಆತ ವಿಚಾರಿಸುವುದಿಲ್ಲ. ನಿನ್ನ ಮೇಲೆ ಅವನಿಗೆ ಏನೋ ಇದೆಯೆಂದು ನೆನಪಾದರೆ ಸಾಕು, ಎದ್ದು ಹೋಗಬೇಕು. ನನಗೆ ಎದ್ದು ಹೋಗುವ ಕಷ್ಟವೂ ಇರಲಿಲ್ಲ, ಮಗ್ಗುಲಲ್ಲೇ ಇದ್ದರು. ಗಂಟಲು ಸರಿಮಾಡಿಕೊಂಡು ಕೇಳಿದೆ: 'ಆ ಏಡಿ ಬಿಲ ಮುಚ್ಚಿಸಿದಿರಾ?'

'ಮೇಷ್ಟ್ರೇ, ನೀವೇ ಒಂದು ದಿನ ಬಂದು ನೋಡಿ' ಎಂದರು.

ಹೋಗಿ ನೋಡಿದೆ. ಏಡಿ ಬಿಲ ಇತ್ತು. ಎರಡು ವರ್ಷದ ಹಿಂದೆಯೂ ಇತ್ತೋ ಇಲ್ಲವೋ, ಅದು ದೇವರಿಗೂ ಏಡಿಗೂ ಗೊತ್ತು.

ಅಂದು ಯಾವ ಮೈಯೂ ಜುಮ್ಮೆನ್ನಲಿಲ್ಲ. ಡೀಸೆಲ್ ಬಂದ ಮೇಲೆ ಹಾಡು ಮತ್ತೆ ಶುರುವಾಯಿತು, ಶ್ರುತಿ ತಪ್ಪಿಯೇ ನಡೆಯಿತು. ಆದರೆ 'ಆತನು ಮೊದಲು ನಮ್ಮನ್ನು ಪ್ರೀತಿಸಿದನು' ಎಂದು ಯೋಹಾನ ಬರೆದ ಆ 'ಮೊದಲು' ಎಂಬ ಪದ ನನಗೆ ಆ ಬೆಂಚಿನಲ್ಲಿ ಅರ್ಥವಾಯಿತು. ವ್ಯಾಕರಣದ ಮೇಷ್ಟರಿಗೆ ಒಂದು ಕ್ರಿಯಾವಿಶೇಷಣ ಅರ್ಥವಾಗಲು ಅರವತ್ತು ವರ್ಷ ಬೇಕಾಯಿತು. ನಾನು ಮುಂದೆ ನೋಡುತ್ತಾ ಕಾಯುತ್ತಿದ್ದೆ, ಅದು ಪಕ್ಕದಿಂದ ಬಂತು, ನಾನು ಬಯಸದವರ ಕೈಯಿಂದ. ಲೂಕನ ಹದಿನೈದರಲ್ಲಿ ತಪ್ಪಿಹೋದ ಮಗ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ಮುದುಕ ತಂದೆ ಓಡುತ್ತಾನೆ. ಮಗನ ಪಾಠ ಪೂರ್ತಿ ಒಪ್ಪಿಸುವುದಕ್ಕೂ ಆಗುವುದಿಲ್ಲ.

ಎರಡನೆಯ ಅಂಶ. ನಮ್ಮ ಸತ್ಯವೇದದಲ್ಲಿ 'ಅಡ್ಡಬೀಳು' ಎಂಬ ಗಟ್ಟಿ ಕನ್ನಡ ಪದವಿದೆ. ಮೂಡಣ ದೇಶದ ಜೋಯಿಸರು ಮಗು ಯೇಸುವನ್ನು ಕಂಡು ಅಡ್ಡಬಿದ್ದರು. ಆರಾಧನೆಗೆ ಹೀಬ್ರೂ ಭಾಷೆಯಲ್ಲಿ ಹೆಚ್ಚಾಗಿ ಬಳಸುವ ಪದದ ಅರ್ಥವೂ ಬಾಗುವುದು, ನೆಲಕ್ಕೆ ಎರಗುವುದು. ಅಲ್ಲಿ ಹಾಡಿನ ಮಾತಿಲ್ಲ, ಭಾವನೆಯ ಮಾತೂ ಇಲ್ಲ. ಬೆನ್ನಿನ ಮಾತಿದೆ. ಮನಸ್ಸು ಒಣಗಿದ ದಿನವೂ ಬೆನ್ನು ಬಗ್ಗಬಲ್ಲದು. ನನ್ನಂಥವರ ಮಂಡಿ ಬಗ್ಗುವುದಿಲ್ಲ, ಆ ಮಾತು ಬೇರೆ. ಯುವಕರೇ, ಕೀಬೋರ್ಡಿನ ಮೇಲೆ ನನಗೆ ಸಿಟ್ಟಿಲ್ಲ. ಕೀರ್ತನೆಗಾರನೇ ತಾಳ, ತಂತಿವಾದ್ಯ, ಕುಣಿತ ಎಲ್ಲವನ್ನೂ ಕರೆಯುತ್ತಾನೆ. ಬಾರಿಸಿರಿ. ಬಾರಿಸಿದ್ದರಿಂದ ದೇವರು ಬಂದನು ಎಂದು ಮಾತ್ರ ಹೇಳಬೇಡಿ, ಆತನು ನಿಮಗಿಂತ ಮುಂಚೆ ಬಂದು ಕುಳಿತಿದ್ದನು.

ಗಡಿಯಾರ ತೋರಿಸುತ್ತಿದ್ದಾರೆ. ಮೂರನೆಯದು ಪ್ರವಾದಿ ಆಮೋಸ. ಕುರಿ ಕಾಯುತ್ತಾ, ಅತ್ತಿಮರ ನೋಡಿಕೊಳ್ಳುತ್ತಿದ್ದ ಹಳ್ಳಿಗ. ನಿಮ್ಮ ಹಾಡಿನ ಗದ್ದಲವನ್ನು ನನ್ನಿಂದ ತೊಲಗಿಸಿರಿ, ನ್ಯಾಯವು ಹೊಳೆಯಂತೆ ಹರಿಯಲಿ ಎಂದು ದೇವರ ಪರವಾಗಿ ಸಾರಿದವನು. ನೀರು ಹರಿಯುವ ಮಾತು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ, ಮನೆಯಲ್ಲಿ ಓದಿಕೊಳ್ಳಿ. ನಾಲ್ಕನೆಯದು ಪ್ರವಾದಿ ಚೆಫನ್ಯನ ಮೂರನೆಯ ಅಧ್ಯಾಯ, ಹದಿನೇಳನೆಯ ವಚನ. ಅಲ್ಲಿ ಹಾಡುವವರು ನಾವಲ್ಲ, ದೇವರೇ ತನ್ನ ಜನರ ವಿಷಯದಲ್ಲಿ ಹರ್ಷಧ್ವನಿ ಮಾಡುತ್ತಾನೆ. ಇದಕ್ಕೇ ಒಂದು ಗಂಟೆ ಬೇಕಿತ್ತು. ಹೋಗಲಿ.

ಇನ್ನು ನಿಲ್ಲಲಾಗುವುದಿಲ್ಲ. ಹಿಂದಿನ ಬಾಗಿಲ ಬಳಿ ಹೆಲ್ಮೆಟ್ ಹಿಡಿದು ನಿಂತಿರುವವರು ನನ್ನ ಗದ್ದೆಯ ಪಕ್ಕದವರೇ. ಬೈಕಿನಲ್ಲಿ ಕರೆತಂದವರೂ ಅವರೇ. ನಾಲೆಗೆ ಕಟ್ಟು ನೀರು ಬಿಟ್ಟಿದ್ದಾರೆ. ರಾತ್ರಿ ಹನ್ನೊಂದಕ್ಕೆ ಅವರ ಪಾಳಿ, ಅದು ಮುಗಿದ ಮೇಲೆ ನನ್ನದು.