ಚಕ್ರ ಮೊದಲು, ಬಣ್ಣ ಆಮೇಲೆ

ಕೇಳುಗರಿಗೆ ನಮಸ್ಕಾರ. ರಜೆ ಬಂದರೆ ಪ್ಲಾಸ್ಟಿಕ್ ಮಾಡೆಲ್ ಕಿಟ್ ಬಿಚ್ಚಿ ಕೂರುವ ಮಕ್ಕಳಿಗೆ, ಪಕ್ಕದಲ್ಲಿ ಕೂತು ತಾವೇ ಅಂಟು ಹಚ್ಚುವ ಅಪ್ಪಂದಿರಿಗೆ ಈ ಮಾತು.

ನನ್ನ ಮೇಜಿನ ಮೇಲಿರುವುದು ಟೆಟ್ರಾರ್ಕ್, ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕು. 1/35 ಅಳತೆಯಲ್ಲಿ, ಅಂದರೆ ನಿಜವಾದದ್ದರ 35ರಲ್ಲಿ ಒಂದು ಪಾಲಿನಷ್ಟು, ಅಂಗೈ ಮೇಲೆ ಕೂರುತ್ತದೆ. ನಿಜವಾದದ್ದು ಸುಮಾರು 7.6 ಟನ್. ಟ್ಯಾಂಕಿಗೆ ಇದು ತೀರಾ ಹಗುರ. ಅದಕ್ಕೇ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನದ ಒಳಗೆ ಹೊತ್ತೊಯ್ಯಲು ಆಯಿತು.

ಎಲ್ಲರೂ ಮೊದಲು ಕೇಳುವುದು ಬಣ್ಣ. ದಯವಿಟ್ಟು, ಬಣ್ಣ ಆಮೇಲೆ. ಮೊದಲು ಚಕ್ರ ನೋಡಿ. ಬದಿಗೆ 4 ದೊಡ್ಡ ಚಕ್ರ ಇವೆ, ಅಲ್ವಾ? ಬೇರೆ ಟ್ಯಾಂಕು ತಿರುಗಬೇಕಾದರೆ ಒಂದು ಬದಿಯ ಚೈನಿಗೆ ಬ್ರೇಕು ಬೀಳಬೇಕು. ಇದರಲ್ಲಿ ಚಾಲಕ ಸ್ಟೀರಿಂಗ್ ತಿರುಗಿಸಿದರೆ ಚಕ್ರಗಳೇ ಹೊರಳುತ್ತವೆ, ಚೈನು ಬಿಲ್ಲಿನ ಹಾಗೆ ಬಾಗುತ್ತದೆ. ತೀರಾ ಚಿಕ್ಕ ತಿರುವಿಗೆ ಮಾತ್ರ ಬ್ರೇಕು. ಎಷ್ಟು ಚೆಂದದ ಕೆಲಸ! ಮಾಡೆಲ್‌ನಲ್ಲಿ ಆ ಚಕ್ರಗಳನ್ನು ನೆಟ್ಟಗೆ ಅಂಟಿಸಿಬಿಟ್ಟರೆ ನನಗೆ ಸಂಕಟವಾಗುತ್ತದೆ.

1944ರ ಜೂನ್ 6ರ ಸಂಜೆ ನಡೆದದ್ದು ಕೇಳಿ. ಹ್ಯಾಮಿಲ್ಕಾರ್ ಅನ್ನುವ ಮರದ ಗ್ಲೈಡರ್‌ಗಳನ್ನು ಹ್ಯಾಲಿಫ್ಯಾಕ್ಸ್ ಬಾಂಬರ್‌ಗಳು ಎಳೆದುಕೊಂಡು, ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿಗೆ ಹೊರಟವು. ಒಳಗೆ 20 ಟೆಟ್ರಾರ್ಕ್. ಸೈನಿಕರು ಟ್ಯಾಂಕಿನ ಒಳಗೇ ಕೂತಿದ್ದರು. ನೆಲ ಮುಟ್ಟುವ ಮುಂಚೆಯೇ ಎಂಜಿನ್ ಶುರು. ಗ್ಲೈಡರ್ ನಿಂತು ಮೂತಿ ತೆರೆದರೆ ನೇರ ಹೊರಗೆ. ಒಂದು ಟ್ಯಾಂಕು ಮಾತ್ರ ದಾರಿಯಲ್ಲೇ ಕಟ್ಟು ಬಿಚ್ಚಿ, ಗ್ಲೈಡರ್‌ನ ಮೂತಿ ಒಡೆದುಕೊಂಡು ಸಮುದ್ರಕ್ಕೆ ಬಿತ್ತು. ಉಳಿದವು ನಾರ್ಮಂಡಿಯ ರಾನ್‌ವಿಲ್ ಹಳ್ಳಿಯ ಹತ್ತಿರದ ಹೊಲಗಳಲ್ಲಿ ಇಳಿದವು. ಅಲ್ಲಿ ಹಿಂದಿನ ರಾತ್ರಿ ಹಾರಿದ ಸೈನಿಕರ ಪ್ಯಾರಾಚೂಟುಗಳು ಹಾಗೇ ಬಿದ್ದಿದ್ದವು. ಅವುಗಳ ಹಗ್ಗ ಚಕ್ರಕ್ಕೆ ಸುತ್ತಿಕೊಂಡಿತು. ಓಡಬೇಕಾದ ಟ್ಯಾಂಕುಗಳು ನಿಂತೇಬಿಟ್ಟವು. ಕೊನೆಗೆ ಬೆಂಕಿ ಉಗುಳುವ ಬ್ಲೋಲ್ಯಾಂಪ್ ಹಿಡಿದು ಸುಟ್ಟು ಬಿಡಿಸಬೇಕಾಯಿತು.

ಆ ಹಗ್ಗವನ್ನು ನೀವೂ ತೋರಿಸಬಹುದು. ಹೊಲಿಗೆ ದಾರದ ಹುರಿ ಬಿಡಿಸಿ ಒಂದೇ ಎಳೆ ತಗೊಳ್ಳಿ. ಇಡೀ ದಾರ ಹಾಕಿದರೆ ಈ ಅಳತೆಗೆ ಬಾವಿ ಹಗ್ಗದಷ್ಟು ದಪ್ಪ ಕಾಣುತ್ತದೆ. ಅದನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಚಕ್ರದ ನಡುವೆ ಸುತ್ತಿ, ತುದಿಯನ್ನು ನೆಲಕ್ಕೆ ಬಿಡಿ. ಆದರೆ ಅದಕ್ಕೂ ಮುಂಚೆ, ಮತ್ತೆ ಹೇಳುತ್ತೇನೆ, ಚಕ್ರ! ಅಂಟಿಲ್ಲದೆ ಸುಮ್ನೆ ಜೋಡಿಸಿ ನೋಡಿ. ಮೇಲಿಂದ ನೋಡಿದರೆ ಎರಡೂ ಬದಿಯ ಚೈನು ಒಂದೇ ಕಡೆಗೆ ಬಾಗಿರಬೇಕು.

ತೋಪು, ಬಣ್ಣ, ಗುರುತುಗಳ ಬಗ್ಗೆ ಹೇಳಲು ಹೊತ್ತು ಸಾಲಲಿಲ್ಲ. ತೋಪು 40 ಮಿಲಿಮೀಟರಿನದು, ಒಳಗೆ 3 ಜನ, ಅಷ್ಟು ಸಾಕು. ಅಂಟಿಗೆ ಒಂದು ರಾತ್ರಿ ಬಿಡಿ, ಬೆಳಗಾಗುವವರೆಗೆ ಚಕ್ರ ಮುಟ್ಟಬೇಡಿ. ನಮಸ್ಕಾರ.