ಅನಲೈಸರ್ ಆಮೇಲೆ, ಮೊದಲು ಕಟ್ಟರ್ ನೋಡಿ

ನಮಸ್ಕಾರ. ಹೋದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸರ್, ಈಗ ಬೆಲ್ಟ್ ಮೇಲೇ ಅನಲೈಸರ್ ಇದೆ. ನಿಮಿಷಕ್ಕೊಂದು ರೀಡಿಂಗ್ ಬರುತ್ತೆ. ಇನ್ನೂ ಯಾಕೆ ಸ್ಯಾಂಪಲ್, ಸ್ಯಾಂಪಲ್ ಅಂತೀರಾ?" ಅನಲೈಸರ್ ಅಂದರೆ ಬೆಲ್ಟ್ ಮೇಲೆ ಸಾಗುವ ಅದಿರಿನಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಮಷೀನ್. ಕಾಮೆಂಟ್ ಓದಿ ತಲೆ ಬಿಸಿಯಾಯಿತು. ಮತ್ತೆ ಹೇಳುತ್ತೇನೆ: ಸ್ಯಾಂಪಲ್ ಕೆಟ್ಟರೆ ಎಲ್ಲಾ ಕೆಟ್ಟಿತು.

ಸಂಡೂರು ಕಡೆಯ ಕಬ್ಬಿಣದ ಅದಿರನ್ನೇ ತಗೊಳ್ಳಿ. ಬೆಲ್ಟ್ ತುದಿಯಿಂದ ಅದಿರು ಸುರಿಯುವಾಗ ಕಟ್ಟರ್, ಅಂದರೆ ಸ್ಯಾಂಪಲ್ ಹಿಡಿಯುವ ಬಾಯಿ ಇರುವ ಡಬ್ಬಿ, ಅಡ್ಡ ಹಾಯಬೇಕು, ಈ ಅಂಚಿಂದ ಆ ಅಂಚಿನವರೆಗೆ, ಒಂದೇ ವೇಗದಲ್ಲಿ. ಅದರ ಬಾಯಿ ಅತಿ ದಪ್ಪ ಕಲ್ಲಿನ ಮೂರು ಪಟ್ಟಾದರೂ ಇರಬೇಕು. 40 ಮಿಲಿಮೀಟರ್ ಕಲ್ಲಿಗೆ 120 ಮಿಲಿಮೀಟರ್. ವೇಗ ಸೆಕೆಂಡಿಗೆ 0.6 ಮೀಟರ್ ದಾಟಬಾರದು. ಇದು ನಾನು ಸುಮ್ನೆ ಹೇಳುವ ಲೆಕ್ಕ ಅಲ್ಲ. ಫ್ರಾನ್ಸಿನ ಸ್ಯಾಂಪ್ಲಿಂಗ್ ತಜ್ಞ ಪಿಯರ್ ಜೀ ಜೀವನವಿಡೀ ಇದರ ಮೇಲೇ ಕೆಲಸ ಮಾಡಿದರು.

ಈಗ ಮಳೆಗಾಲದಲ್ಲಿ ಆ ಕಟ್ಟರ್ ನೋಡಿ. ಒದ್ದೆ ಪುಡಿ ಅದರ ಅಂಚಿಗೆ ಮೆತ್ತಿಕೊಂಡು, ಕೆಂಪಗೆ ಗಟ್ಟಿಯಾಗಿ, ಬಾಯಿ ಅರ್ಧ ಮುಚ್ಚಿರುತ್ತದೆ. ದಪ್ಪ ಕಲ್ಲು ಬಡಿದು ಆಚೆ ಸಿಡಿಯುತ್ತದೆ, ಪುಡಿ ಒಳಗೆ ಬೀಳುತ್ತದೆ. ಪುಡಿಯಲ್ಲಿ ಸಾಮಾನ್ಯವಾಗಿ ಬೇಡದ ಅಲ್ಯುಮಿನಾ ಜಾಸ್ತಿ, ಕಬ್ಬಿಣ ಕಡಿಮೆ. ಲ್ಯಾಬ್‌ನಲ್ಲಿ ಕಬ್ಬಿಣ ಕಡಿಮೆ ಬಂತು ಅಂತ ಒಳ್ಳೇ ಅದಿರು ತಂದು ಬೆರೆಸುತ್ತಾರೆ. ಕಟ್ಟರ್ ತೊಳೆದಿದ್ದರೆ ಸಾಕಿತ್ತು ಅಲ್ವಾ?

"ನ್ಯೂಟ್ರಾನ್ ಅನಲೈಸರ್ ಬೆಲ್ಟ್ ಮೇಲಿನ ಇಡೀ ಅದಿರನ್ನೇ ನೋಡುತ್ತೆ, ಸ್ಯಾಂಪಲ್ಲೇ ಬೇಡ" ಅನ್ನುವವರೂ ಇದ್ದಾರೆ. ಅದನ್ನು ಕ್ಯಾಲಿಬ್ರೇಟ್ ಮಾಡಿದ ಮೇಲೆ ಸರಿ ಇದೆಯೋ ಇಲ್ಲವೋ ಅಂತ ಯಾವುದರ ಜೊತೆ ಹೋಲಿಸಿ ನೋಡುತ್ತೀರಿ ಸ್ವಾಮಿ? ಲ್ಯಾಬ್ ರಿಸಲ್ಟ್ ಜೊತೆ. ಲ್ಯಾಬ್‌ಗೆ ಹೋಗಿದ್ದು ಏನು? ಅದೇ ಮೆತ್ತಿಕೊಂಡ ಕಟ್ಟರ್ ಹಿಡಿದ ಅದಿರು! ಅದಕ್ಕೆ ಸರಿಹೊಂದಿಸಿದರೆ, ಇಡೀ ಬೆಲ್ಟ್ ನೋಡುವ ಮಷೀನೂ ತಪ್ಪನ್ನೇ ಹೇಳುತ್ತದೆ. ಅದೂ ನಿಮಿಷಕ್ಕೊಂದು ಸಲ.

ಸ್ಲರಿ, ಅಂದರೆ ನೀರಲ್ಲಿ ಕಲಸಿದ ಅದಿರಿನ ಪುಡಿ, ಅದರ ಕಥೆ ಇನ್ನೂ ಕೆಟ್ಟದು. ಅಡ್ಡಡ್ಡ ಮಲಗಿದ ಪೈಪಿನ ಪಕ್ಕಕ್ಕೆ ಒಂದು ವಾಲ್ವ್ ಹಾಕಿ, ಬಂದಷ್ಟನ್ನು ಅನಲೈಸರ್‌ಗೆ ಕಳಿಸುತ್ತಾರೆ. ಭಾರದ ಕಣ ತಳದಲ್ಲಿ ಹೋಗುತ್ತದೆ, ಹಗುರ ಮಾತ್ರ ಬರುತ್ತದೆ. ಆ ನಂಬರ್ ನಂಬಿ ಕಂಪ್ಯೂಟರ್ ತಾನೇ ಕೆಮಿಕಲ್ ಹೆಚ್ಚು ಕಡಿಮೆ ಮಾಡುತ್ತದೆ. ಮನುಷ್ಯನಾದರೆ ಒಂದು ಸಲ ಅನುಮಾನ ಪಡುತ್ತಾನೆ. ತಾನೇ ನಡೆಯುವ ಈ ಕಂಟ್ರೋಲ್ ಲೂಪ್ ಪಡಲ್ಲ.

ಎಐ ಹಾಕಿದರೆ ಸರಿಹೋಗುತ್ತಂತೆ. ಹೋಗಲ್ಲ. ಒಳಗೆ ಬೀಳದ ಕಲ್ಲನ್ನು ಯಾವ ಎಐ ನೋಡುತ್ತದೆ? ಇಲ್ಲ ಅಂದರೆ ಇಲ್ಲ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಪ್ಲಾಂಟಲ್ಲಿ ಕೆಲಸ ಮಾಡುವ ಗೆಳೆಯರಿಗೆ ಕಳಿಸಿ. ಮುಂದಿನ ವಾರ ಸ್ಲರಿ ಸ್ಯಾಂಪ್ಲರ್ ಬಿಚ್ಚಿ ತೋರಿಸುತ್ತೇನೆ. ಅಷ್ಟರಲ್ಲಿ, ಬೆಲ್ಟ್ ನಿಂತು, ಮತ್ತೆ ಶುರುವಾಗದಂತೆ ಲಾಕ್ ಹಾಕಿದಾಗ, ನಿಮ್ಮ ಕಟ್ಟರ್ ಬಾಯಿಯನ್ನು ಟೇಪ್ ಹಿಡಿದು ಅಳೆದು ಕಾಮೆಂಟ್‌ನಲ್ಲಿ ಬರೆಯಿರಿ. ಡ್ರಾಯಿಂಗ್‌ನಲ್ಲಿ ಇರೋದು ಬೇಡ, ಅಳೆದದ್ದು.