ಕಂಪ್ಯೂಟರಿನೊಳಗಿನ ನೀರು ಯಾಕೆ ಕುದಿಯುತ್ತದೆ?

(ದೃಶ್ಯ: ಕಾರವಾರದ ಟ್ಯಾಗೋರ್ ಕಡಲತೀರ, ಸಂಜೆ.)

ನಮಸ್ಕಾರ. ಹಿಂದೆ ಕಾಣುವ ಅಲೆಯನ್ನೇ ಲ್ಯಾಪ್‌ಟಾಪಿನಲ್ಲಿ ಎಬ್ಬಿಸಲು ಹೊರಟಿದ್ದೆ. ನೀರನ್ನು ಕಣಗಳಾಗಿ ಒಡೆದು ಲೆಕ್ಕ ಹಾಕುವ ಎಸ್‌ಪಿಎಚ್ ವಿಧಾನ. 1977ರಲ್ಲಿ ಇದು ಹುಟ್ಟಿದ್ದು ಆಕಾಶದ ನಕ್ಷತ್ರಗಳ ಲೆಕ್ಕಕ್ಕೆ. ಕಡಲಿಗೆ ಇಳಿದದ್ದು ಆಮೇಲೆ. ನನ್ನದು ಅಲೆಯವರೆಗೂ ಹೋಗಲಿಲ್ಲ. ಸುಮ್ನೆ ನಿಂತ ನೀರೇ ಒಲೆ ಮೇಲಿನ ಮೀನುಸಾರಿನ ಹಾಗೆ ಕೊತಕೊತ ಕುದಿಯಿತು!

ಕಣ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡೆ. ಅಂತರ ಅರ್ಧ ಮಾಡಿದರೆ ಕಣ 8 ಪಟ್ಟು, ಸಮಯದ ಹೆಜ್ಜೆಯೂ ಅರ್ಧ, ಅಂದರೆ ಹೆಜ್ಜೆಗಳು ಎರಡು ಪಟ್ಟು, ಒಟ್ಟು ಕೆಲಸ 16 ಪಟ್ಟು. ರಾತ್ರಿಯಿಡೀ ಫ್ಯಾನ್ ಕೂಗಿತು. ಬೆಳಗ್ಗೆ ನೋಡಿದರೆ ಅದೇ ಕುದಿ.

(ದೃಶ್ಯ: ಮರಳಿನ ಮೇಲೆ ಸಾಲಾಗಿ ಜೋಡಿಸಿದ ಚಿಪ್ಪುಗಳು. ಒಂದರ ಸುತ್ತ ಬೆರಳಿನಲ್ಲಿ ವೃತ್ತ.)

ಈ ಚಿಪ್ಪೇ ಒಂದು ಕಣ ಅಂದುಕೊಳ್ಳಿ. ತನ್ನ ಸಾಂದ್ರತೆ ಎಷ್ಟು ಅಂತ ವೃತ್ತದೊಳಗಿನ ನೆರೆಯವರನ್ನು ಕೇಳುತ್ತದೆ. ಹತ್ತಿರದವರ ಮಾತಿಗೆ ತೂಕ ಜಾಸ್ತಿ. ಎಲ್ಲ ತೂಕ ಕೂಡಿದರೆ 1 ಬರಬೇಕು. ಈಗ ಅಂಚಿನ ಚಿಪ್ಪಿಗೆ ವೃತ್ತ ಎಳೆಯೋಣ. ಅರ್ಧ ಖಾಲಿ, ಅಲ್ವಾ? ಮೇಲ್ಮೈಯ ಕಣ ಪಾಪ, ಘನಮೀಟರಿಗೆ 1000 ಕೆ.ಜಿ. ಇರಬೇಕಾದಲ್ಲಿ ಸುಮಾರು 500 ಅಂದುಕೊಳ್ಳುತ್ತದೆ. ಅದಕ್ಕೇ ಪ್ರತಿ ಸಲ ನೆರೆಯವರನ್ನು ಎಣಿಸಬೇಡಿ. 1000ದಿಂದ ಶುರು ಮಾಡಿ, ಕಣಗಳು ಹತ್ತಿರ ಬಂದಾಗ ಕೂಡಿಸಿ, ದೂರ ಸರಿದಾಗ ಕಳೆಯಿರಿ. ಗೋಡೆ ಇದ್ದರೆ ಅದರೊಳಗೂ ಸುಳ್ಳು ಕಣಗಳನ್ನು ತುಂಬಿ.

(ದೃಶ್ಯ: ಅಲೆ ಬಂದು ಚಿಪ್ಪುಗಳನ್ನು ಚದುರಿಸುತ್ತದೆ.)

ಹಾ, ಇದೇ ಬೇಕಿತ್ತು! ಒಂದು ಕಡೆ ಗುಂಪು, ಇನ್ನೊಂದು ಕಡೆ ಬಯಲು. ಕಣ ಎಷ್ಟೇ ಸಣ್ಣದಾದರೂ ಚದುರಿದ್ದು ಚದುರಿದ್ದೇ. ಹಾಗಾಗಿ ಪ್ರತಿ ಹೆಜ್ಜೆಗೂ ಗುಂಪಿನ ಕಣವನ್ನು ಖಾಲಿ ಕಡೆಗೆ ಕೂದಲೆಳೆಯಷ್ಟು ಸರಿಸಬೇಕು. ಶಿಫ್ಟಿಂಗ್ ಅನ್ನುತ್ತಾರೆ. ಮೇಲ್ಮೈ ಕಣವನ್ನು ಮಾತ್ರ ಹೊರಕ್ಕೆ ತಳ್ಳಬೇಡಿ, ಗಾಳಿಗೆ ಹಾರುತ್ತದೆ. ನಾನು ಹಾರಿಸಿದ್ದೇನೆ.

ಇನ್ನು ಆ ಕುದಿ. ಸಾಂದ್ರತೆಯಿಂದ ಒತ್ತಡದ ಲೆಕ್ಕ ಹಾಕಲು ಶಬ್ದದ ವೇಗ ಕೊಡಬೇಕು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಜಾಣತನ ಮಾಡಿ ಅದನ್ನೇ ಹಾಕಿದ್ದೆ. ಸಾಂದ್ರತೆಯಲ್ಲಿ ಬರೀ 1 ಕೆ.ಜಿ. ತಪ್ಪಿದರೂ ಒತ್ತಡ ಸುಮಾರು 230 ಮೀಟರ್ ಆಳದ ನೀರಿನಷ್ಟು ಜಿಗಿಯುತ್ತದೆ! ಅಲೆಯ ಗರಿಷ್ಠ ವೇಗದ 10 ಪಟ್ಟು ಸಾಕು. ಅಲೆಗೆ ಸೆಕೆಂಡಿಗೆ 3 ಮೀಟರ್ ಅಂದರೆ ಶಬ್ದಕ್ಕೆ 30. ಅದೇ ತಪ್ಪಿಗೆ ಈಗ 9 ಸೆಂಟಿಮೀಟರ್ ನೀರಿನ ಒತ್ತಡ, ಅಷ್ಟೇ. ಉಳಿದ ಕಿರಿಕಿರಿಗೆ ನೆರೆಕಣಗಳ ಸಾಂದ್ರತೆಯನ್ನು ತುಸು ಹಂಚಿಬಿಡಿ.

(ದೃಶ್ಯ: ಲ್ಯಾಪ್‌ಟಾಪ್ ಪರದೆ. ನೀರು ಅಲುಗದೆ ನಿಂತಿದೆ.)

ಎರಡು ದಿನದಿಂದ ಹೀಗೇ ನಿಂತಿದೆ. ಇವತ್ತು ಅಲೆ ಎಬ್ಬಿಸೋಣ.